ಪರದೆಯ ಕೋಶ ಮತ್ತು ಕಡತದ ದತ್ತಾಂಶ: ತೆರಿಗೆ ಹಾಗೂ ಫಲಾನುಭವಿ ಕೋಷ್ಟಕಗಳ ಬಗ್ಗೆ ಸದಸ್ಯರು ಅರಿತಿರಬೇಕಾದ ಸಂಗತಿಗಳು

ಗ್ರಾಮ ಪಂಚಾಯಿತಿಯ ಸಾಮಾನ್ಯ ಸಭೆಯ ಮುಂದೆ ಮಂಡಿಸಲಾಗುವ ತೆರಿಗೆ ಬೇಡಿಕೆ, ವಸೂಲಿ ಮತ್ತು ಬಾಕಿ ವಿವರಗಳು ಇಂದು ಬಹುಮಟ್ಟಿಗೆ ಗಣಕಯಂತ್ರದಿಂದಲೇ ಮುದ್ರಿತವಾಗಿ ಬರುತ್ತವೆ. ಪಂಚತಂತ್ರ, ಇ-ಸ್ವತ್ತು ಮುಂತಾದ ಇಲಾಖಾ ತಂತ್ರಾಂಶಗಳಲ್ಲಿ ಅಧಿಕೃತ ನಮೂದು ನಡೆಯುತ್ತದೆಯಾದರೂ, ವಾರ್ಡುವಾರು ಬಾಕಿದಾರರ ಪಟ್ಟಿ, ನೀರಿನ ಕರದ ಪಟ್ಟಿ, ವಸತಿ ಯೋಜನೆಗೆ ಅರ್ಜಿ ಸಲ್ಲಿಸಿದವರ ಪಟ್ಟಿ, ಬ್ಯಾಂಕ್ ಖಾತೆಗಳ ಪಟ್ಟಿ ಇವೆಲ್ಲವನ್ನು ಕಚೇರಿಯ ಗಣಕಯಂತ್ರದಲ್ಲಿ ಎಕ್ಸೆಲ್ ಅಥವಾ ಲಿಬ್ರೆ ಆಫೀಸ್ ಕ್ಯಾಲ್ಕ್ ಬಳಸಿ ಪ್ರತ್ಯೇಕವಾಗಿ ಸಿದ್ಧಪಡಿಸುವ ರೂಢಿ ವ್ಯಾಪಕವಾಗಿದೆ. ಸದಸ್ಯರ ಕೈಗೆ ಬರುವುದು ಇಂತಹ ಕೋಷ್ಟಕದ ಮುದ್ರಿತ ಪ್ರತಿ. ಅದರ ಆಧಾರದ ಮೇಲೆ ನಿರ್ಣಯ ಅಂಗೀಕಾರವಾಗುತ್ತದೆ, ಬೇಡಿಕೆ ನೋಟೀಸು ಹೊರಡುತ್ತದೆ, ಅರ್ಜಿದಾರರ ಹೆಸರು ಮೇಲಿನ ಕಚೇರಿಗೆ ಹೋಗುತ್ತದೆ. ಮಾರ್ಚಿಯಲ್ಲೇ ತೆರಿಗೆ ಪಾವತಿಸಿದ ಮನೆಗೆ ಜೂನಿನಲ್ಲಿ ಬಾಕಿ ನೋಟೀಸು ತಲುಪಿದರೆ, ಆ ಮನೆಯವರು ಮೊದಲು ಪ್ರಶ್ನಿಸುವುದು ತಮ್ಮ ವಾರ್ಡಿನ ಸದಸ್ಯರನ್ನು.

ಇಂತಹ ತಪ್ಪುಗಳಲ್ಲಿ ಅನೇಕವು ಯಾರ ದುರುದ್ದೇಶದಿಂದಲೂ ಆಗುವಂಥವಲ್ಲ. ಅಂಕಿ ಒತ್ತುವಾಗಿನ ಕೈತಪ್ಪಿನಿಂದಲೂ ಆಗುವಂಥವಲ್ಲ. ಪರದೆಯ ಮೇಲೆ ಕಾಣುವ ಕೋಶಕ್ಕೂ, ಅದರ ಹಿಂದೆ ಕಡತದಲ್ಲಿ ಸಂಗ್ರಹವಾಗಿರುವ ದತ್ತಾಂಶಕ್ಕೂ ಇರಬೇಕಾದ ಜೋಡಣೆ ಎಲ್ಲೋ ಒಂದೆಡೆ ಸಡಿಲವಾಗಿರುವುದೇ ಕಾರಣವಾಗಿರುತ್ತದೆ. ಈ ಜೋಡಣೆಯ ಸ್ವರೂಪವನ್ನು ಗಣಕಯಂತ್ರದ ಪರಿಣತಿಯಿಲ್ಲದ ಸದಸ್ಯರೂ ಅರಿತುಕೊಳ್ಳಬಹುದು. ಅರಿತವರು ಸಭೆಯಲ್ಲಿ ಕೇಳುವ ಒಂದು ಪ್ರಶ್ನೆ ಹತ್ತಾರು ಕುಟುಂಬಗಳ ಅಲೆದಾಟವನ್ನು ತಪ್ಪಿಸಬಲ್ಲದು.

ಕಾಣುವುದು ಒಂದು, ಇರುವುದು ಇನ್ನೊಂದು

ಕಾಗದದ ವಹಿಯಲ್ಲಿ ಬರೆದದ್ದೇ ದಾಖಲೆ. ಕಾಣುವ ಅಕ್ಷರಕ್ಕೂ ದಾಖಲಾದ ಅಕ್ಷರಕ್ಕೂ ವ್ಯತ್ಯಾಸವಿಲ್ಲ. ಗಣಕಯಂತ್ರದ ಕೋಷ್ಟಕದಲ್ಲಿ ಹಾಗಿರುವುದಿಲ್ಲ. ಕಡತದಲ್ಲಿ ಒಂದು ಮೌಲ್ಯವಿರುತ್ತದೆ. ತಂತ್ರಾಂಶವು ಅದನ್ನು ಓದಿ, ಒಂದು ರೂಪ ಕೊಟ್ಟು, ಪರದೆಯ ಮೇಲೆ ಚಿತ್ರಿಸುತ್ತದೆ. ನೌಕರರು ಕೋಶದ ಮೇಲೆ ಒತ್ತಿ ಟೈಪ್ ಮಾಡಲು ತೊಡಗಿದಾಗ ಆ ಚಿತ್ರದ ಮೇಲೆ ತಾತ್ಕಾಲಿಕವಾದ ಒಂದು ಬರವಣಿಗೆ ಪೆಟ್ಟಿಗೆ ತೆರೆದುಕೊಳ್ಳುತ್ತದೆ. ಎಂಟರ್ ಒತ್ತಿದಾಗ ಅಥವಾ ಬೇರೆ ಕೋಶಕ್ಕೆ ಸರಿದಾಗ ಮಾತ್ರ ಹೊಸ ಮೌಲ್ಯವು ಒಳಗಿನ ದತ್ತಾಂಶಕ್ಕೆ ಸೇರುತ್ತದೆ. ಅದು ಡಿಸ್ಕಿನ ಮೇಲೆ ನೆಲೆಗೊಳ್ಳುವುದು ಕಡತವನ್ನು ಉಳಿಸಿದಾಗ. ಈ ನಡುವೆ ವಿದ್ಯುತ್ ಹೋದರೆ, ಪರದೆಯ ಮೇಲೆ ಕಣ್ಣಾರೆ ಕಂಡ ಅಂಕಿ ಎಲ್ಲಿಯೂ ದಾಖಲಾಗಿರುವುದಿಲ್ಲ. ಆಕ್ಸೆಸ್ ಮತ್ತು ಲಿಬ್ರೆ ಆಫೀಸ್ ಬೇಸ್ ತಂತ್ರಾಂಶಗಳಲ್ಲಿ ತಿದ್ದುಪಡಿ ಪೂರ್ಣಗೊಳ್ಳದ ಸಾಲಿನ ಎಡ ಅಂಚಿನಲ್ಲಿ ಪುಟ್ಟ ಪೆನ್ಸಿಲ್ ಚಿಹ್ನೆ ಕಾಣುವುದು ಇದೇ ಕಾರಣಕ್ಕೆ. ಮುಂದಿನ ಸಾಲಿಗೆ ಸರಿದ ಮೇಲೆ ಪೆನ್ಸಿಲ್ ಮರೆಯಾಗುತ್ತದೆ. ಆಗ ಮಾತ್ರ ಆ ಸಾಲು ದಾಖಲಾಯಿತೆಂದು ತಿಳಿಯತಕ್ಕದ್ದು.

ರೂಪಕ್ಕೂ ಮೌಲ್ಯಕ್ಕೂ ಇರುವ ಅಂತರಕ್ಕೆ ಸರಳವಾದ ಉದಾಹರಣೆ ಪೈಸೆಯದು. ಮೂರು ಮನೆಗಳಿಗೆ ಉಪಕರ ಸೇರಿ ತಲಾ 333.40 ರೂಪಾಯಿ ಬೇಡಿಕೆ ಇದೆ ಎಂದಿಟ್ಟುಕೊಳ್ಳಬಹುದು. ಕೋಶಗಳಿಗೆ ಪೈಸೆ ತೋರದ ರೂಪ ಕೊಟ್ಟಿದ್ದರೆ ಪ್ರತಿ ಸಾಲಿನಲ್ಲಿಯೂ 333 ಎಂದೇ ಕಾಣುತ್ತದೆ, ಮೊತ್ತ ಮಾತ್ರ 1000 ಎಂದು ಬರುತ್ತದೆ. ಸಭೆಯಲ್ಲಿ ಕೈಲೆಕ್ಕ ಹಾಕಿದವರಿಗೆ 999 ದೊರೆತು, ಒಂದು ರೂಪಾಯಿಯ ಬಗ್ಗೆ ಚರ್ಚೆ ಏಳುತ್ತದೆ. ಇದರಲ್ಲಿ ಯಾರ ತಪ್ಪೂ ಇಲ್ಲ. ಆದರೆ ಎಲ್ಲ ವ್ಯತ್ಯಾಸಗಳೂ ಇಷ್ಟು ನಿರುಪದ್ರವಿಯಾಗಿರುವುದಿಲ್ಲ.

ದಿನಾಂಕದ ವಿಷಯ ಗಂಭೀರವಾದದ್ದು. ಎಕ್ಸೆಲ್ ದಿನಾಂಕವನ್ನು ದಿನಾಂಕವಾಗಿ ಸಂಗ್ರಹಿಸುವುದಿಲ್ಲ. 1900ರ ಜನವರಿ 1ನ್ನು 1 ಎಂದು ಹಿಡಿದು ಎಣಿಸಿದ ಒಂದು ಸಂಖ್ಯೆಯಾಗಿ ಸಂಗ್ರಹಿಸುತ್ತದೆ. 2024ರ ಏಪ್ರಿಲ್ 1 ಎಂಬುದು ಅದಕ್ಕೆ 45383. ಈಗ ಬಿಲ್ ಕಲೆಕ್ಟರ್ 2024ರ ಮಾರ್ಚ್ 4ರಂದು ಹಾಕಿದ ರಸೀದಿಯನ್ನು 04/03/2024 ಎಂದು ನಮೂದಿಸಲಾಗಿದೆ ಎಂದು ಭಾವಿಸಬಹುದು. ಗಣಕಯಂತ್ರದಲ್ಲಿ ದಿನಾಂಕದ ಕ್ರಮ ಭಾರತದ್ದಾಗಿದ್ದರೆ ಅದು 45355 ಎಂದು ಸರಿಯಾಗಿ ದಾಖಲಾಗುತ್ತದೆ. ಯಂತ್ರವನ್ನು ಅಮೆರಿಕದ ಕ್ರಮದಲ್ಲಿ, ಅಂದರೆ ತಿಂಗಳು ಮೊದಲು ದಿನ ನಂತರ ಎಂಬಂತೆ ಬಿಟ್ಟಿದ್ದರೆ, ಅದೇ ನಮೂದು ಏಪ್ರಿಲ್ 3 ಎಂದು, 45385 ಆಗಿ ಕುಳಿತುಕೊಳ್ಳುತ್ತದೆ. ಪರದೆಯ ಮೇಲೆ ಯಾವ ಎಚ್ಚರಿಕೆಯೂ ಬರುವುದಿಲ್ಲ. ಆ ವಸೂಲಿ 2023-24ನೇ ಸಾಲಿನಿಂದ ಜಾರಿ 2024-25ನೇ ಸಾಲಿಗೆ ಸೇರುತ್ತದೆ; ಹಿಂದಿನ ಸಾಲಿನಲ್ಲಿ ಆ ಮನೆ ಬಾಕಿದಾರರ ಪಟ್ಟಿಯಲ್ಲಿ ಉಳಿಯುತ್ತದೆ. ಅದೇ ಯಂತ್ರದಲ್ಲಿ 25/03/2024 ಎಂದು ನಮೂದಿಸಿದರೆ, 25ನೇ ತಿಂಗಳು ಇಲ್ಲದ ಕಾರಣ ಅದು ದಿನಾಂಕವೇ ಆಗದೆ ಬರೀ ಅಕ್ಷರಗಳಾಗಿ ಉಳಿಯುತ್ತದೆ. ಹೀಗಾಗಿ ಒಂದೇ ಕಲಂನಲ್ಲಿ ಕೆಲವು ತಪ್ಪು ದಿನಾಂಕಗಳು, ಕೆಲವು ದಿನಾಂಕವೇ ಅಲ್ಲದವು ಬೆರೆತಿರುತ್ತವೆ. ಮುದ್ರಿತ ಪ್ರತಿಯಲ್ಲಿ ಎಲ್ಲವೂ ಒಪ್ಪವಾಗಿಯೇ ಕಾಣುತ್ತವೆ.

ದಿನಾಂಕವಲ್ಲದ್ದು ದಿನಾಂಕವಾಗಿಬಿಡುವುದೂ ಉಂಟು. ಸರ್ವೆ ನಂಬರ್ 140/2 ಎಂದು ಟೈಪ್ ಮಾಡಿದರೆ ಅದು ಹಾಗೆಯೇ ಉಳಿಯುತ್ತದೆ. ಆದರೆ 12/2 ಎಂದು ಟೈಪ್ ಮಾಡಿದರೆ ತಂತ್ರಾಂಶವು ಅದನ್ನು ಫೆಬ್ರವರಿ 12 ಎಂದು ತಿಳಿದು, ಒಳಗೆ ದಿನಾಂಕದ ಸಂಖ್ಯೆಯನ್ನೇ ಇರಿಸುತ್ತದೆ. ಬಳಿಕ ಕೋಶದ ರೂಪವನ್ನು ಪಠ್ಯ ಎಂದು ಬದಲಿಸಿದರೆ 12/2 ಮರಳಿ ಬರುವುದಿಲ್ಲ, ಐದಂಕಿಯ ಯಾವುದೋ ಸಂಖ್ಯೆ ಕಾಣುತ್ತದೆ; ಮೂಲ ನಮೂದು 12/2 ಆಗಿತ್ತೋ 12-2 ಆಗಿತ್ತೋ ಹೇಳಲು ಆಧಾರವೇ ಇರುವುದಿಲ್ಲ. ಮನೆ ನಂಬರುಗಳ ಗತಿಯೂ ಇದೇ. ಈ ತೊಂದರೆ ಹಳ್ಳಿಯ ಕಚೇರಿಗಳಿಗಷ್ಟೇ ಸೀಮಿತವಾದದ್ದೆಂದು ಭಾವಿಸಬೇಕಾಗಿಲ್ಲ. ಮಾನವ ವಂಶವಾಹಿಗಳಿಗೆ ಹೆಸರಿಡುವ ಅಂತರರಾಷ್ಟ್ರೀಯ ಸಮಿತಿಯು, ಮಾರ್ಚ್1, ಸೆಪ್ಟ್1 ಮುಂತಾದ ಹೆಸರುಗಳನ್ನು ಎಕ್ಸೆಲ್ ದಿನಾಂಕಗಳನ್ನಾಗಿ ಮಾಡುತ್ತಿದ್ದುದರಿಂದ, ಆ ವಂಶವಾಹಿಗಳ ಹೆಸರುಗಳನ್ನೇ ಬದಲಿಸಿ 2020ರಲ್ಲಿ ಹೊಸ ಮಾರ್ಗಸೂಚಿ ಪ್ರಕಟಿಸಿತು. ವಿಜ್ಞಾನಿಗಳು ಹೆಸರು ಬದಲಿಸಿಕೊಂಡರು. ರೈತರ ಸರ್ವೆ ನಂಬರನ್ನು ಹಾಗೆ ಬದಲಿಸಲಾಗದು. ಆದ್ದರಿಂದ ಸರ್ವೆ ನಂಬರ್, ಮನೆ ನಂಬರ್, ಖಾತೆ ಸಂಖ್ಯೆಗಳ ಕಲಂಗಳಿಗೆ ನಮೂದು ಆರಂಭಿಸುವ ಮೊದಲೇ ಪಠ್ಯರೂಪ ನಿಗದಿಪಡಿಸುವುದೊಂದೇ ದಾರಿ.

ಬ್ಯಾಂಕ್ ಖಾತೆ ಸಂಖ್ಯೆಯಲ್ಲಿ ಅಪಾಯ ಇನ್ನೂ ಹೆಚ್ಚು. ಎಕ್ಸೆಲ್ ಯಾವುದೇ ಸಂಖ್ಯೆಯಲ್ಲಿ ಮೊದಲ 15 ಅಂಕಿಗಳನ್ನು ಮಾತ್ರ ಉಳಿಸಿಕೊಳ್ಳುತ್ತದೆ, ಮುಂದಿನವು ಸೊನ್ನೆಯಾಗುತ್ತವೆ. 16 ಅಂಕಿಗಳ ಖಾತೆ ಸಂಖ್ಯೆಯನ್ನು ಸಂಖ್ಯೆಯಾಗಿಯೇ ಟೈಪ್ ಮಾಡಿದರೆ ಕೊನೆಯ ಅಂಕಿ 7 ಇದ್ದದ್ದು ಸದ್ದಿಲ್ಲದೆ 0 ಆಗುತ್ತದೆ. ಸೊನ್ನೆಯಿಂದ ಆರಂಭವಾಗುವ ಖಾತೆ ಸಂಖ್ಯೆಯ ಆ ಮೊದಲ ಸೊನ್ನೆ ಬಿದ್ದುಹೋಗುತ್ತದೆ. 12 ಅಂಕಿಗಳ ಆಧಾರ್ ಸಂಖ್ಯೆ ನಷ್ಟವಾಗುವುದಿಲ್ಲವಾದರೂ, ಸಾಮಾನ್ಯ ರೂಪದ ಕೋಶದಲ್ಲಿ ಅದು ದಶಾಂಶ ಬಿಂದು ಮತ್ತು ಇಂಗ್ಲಿಷಿನ ಇ ಅಕ್ಷರವಿರುವ ಸಂಕ್ಷಿಪ್ತ ರೂಪದಲ್ಲಿ ಕಾಣುತ್ತದೆ. ಆ ಕಾಣುವ ರೂಪವನ್ನು ನೋಡಿ ಬೇರೆಡೆ ಟೈಪ್ ಮಾಡಿದರೆ, ಅಥವಾ ಅದೇ ರೂಪದಲ್ಲಿ ಅಲ್ಪವಿರಾಮದ ಪಠ್ಯಕಡತವಾಗಿ ಉಳಿಸಿದರೆ, ನಿಜವಾದ ಅಂಕಿಗಳು ಮರಳಿ ಸಿಗುವುದಿಲ್ಲ. ಸಹಾಯಧನ ಬರಲಿಲ್ಲವೆಂದು ಬ್ಯಾಂಕಿಗೂ ಪಂಚಾಯಿತಿಗೂ ನಡೆಯುವ ಬಡ ಕುಟುಂಬವೊಂದರ ಆರು ತಿಂಗಳ ಅಲೆದಾಟಕ್ಕೆ ಒಂದು ಕೋಶದ ರೂಪವೇ ಕಾರಣವಾಗಿರಬಹುದು.

ಅಂಕಿಯಂತೆ ಕಾಣುವ ಅಕ್ಷರಗಳು

ರಸೀದಿಯಲ್ಲಿ 1500/- ಎಂದು ಬರೆಯುವುದು ನಮ್ಮ ಕಚೇರಿಗಳ ಹಳೆಯ ಪದ್ಧತಿ. ಅದೇ ರೀತಿಯಲ್ಲಿ ಕೋಶದಲ್ಲಿ ನಮೂದಿಸಿದರೆ ತಂತ್ರಾಂಶಕ್ಕೆ ಅದು ಮೊತ್ತವಲ್ಲ, ಕೆಲವು ಅಕ್ಷರಗಳ ಸಾಲು ಮಾತ್ರ. ಕಲಂನ ಮೊತ್ತ ಹಾಕುವ ಸೂತ್ರವು ಅಂತಹ ಕೋಶಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದೇ ಇಲ್ಲ. ನೂರು ಮನೆಗಳ ಪೈಕಿ ಆರು ಮನೆಗಳಲ್ಲಿ ಹೀಗಾಗಿದ್ದರೆ ಒಟ್ಟು ವಸೂಲಿ ಆ ಆರು ಮೊತ್ತಗಳಷ್ಟು ಕಡಿಮೆ ಬರುತ್ತದೆ.

ಇದಕ್ಕಿಂತ ಸೂಕ್ಷ್ಮವಾದ ಸಂದರ್ಭವೊಂದಿದೆ. ಪಠ್ಯರೂಪ ನಿಗದಿಯಾದ ಕೋಶದಲ್ಲಿ 1500 ಎಂದೇ ಶುದ್ಧವಾಗಿ ಟೈಪ್ ಮಾಡಿದಾಗ, ಬೇಡಿಕೆಯಿಂದ ವಸೂಲಿಯನ್ನು ಕಳೆಯುವ ಸಾಲಿನ ಸೂತ್ರ ಅದನ್ನು ಸಂಖ್ಯೆಯಾಗಿ ಪರಿವರ್ತಿಸಿಕೊಂಡು ಸರಿಯಾದ ಬಾಕಿಯನ್ನೇ ಕೊಡುತ್ತದೆ. ಆದರೆ ಕಲಂನ ಕೆಳಗಿನ ಮೊತ್ತದ ಸೂತ್ರ ಅದನ್ನು ಬಿಟ್ಟುಬಿಡುತ್ತದೆ. ಪ್ರತಿ ಮನೆಯ ಲೆಕ್ಕ ಸರಿ, ಗ್ರಾಮದ ಲೆಕ್ಕ ತಪ್ಪು. ಒಟ್ಟು ಬೇಡಿಕೆಯಿಂದ ಒಟ್ಟು ವಸೂಲಿಯನ್ನು ಕಳೆದು, ಅದು ಒಟ್ಟು ಬಾಕಿಗೆ ಸಮವಾಗಿದೆಯೇ ಎಂದು ಅಡ್ಡತಾಳೆ ನೋಡಿದರೆ ಇದು ತಕ್ಷಣ ಬಯಲಾಗುತ್ತದೆ. ಹಳೆಯ ಲೆಕ್ಕಿಗರು ವಹಿಯ ಪುಟದ ಕೊನೆಯಲ್ಲಿ ಉದ್ದ ಮೊತ್ತ, ಅಡ್ಡ ಮೊತ್ತ ಎರಡನ್ನೂ ಹಾಕುತ್ತಿದ್ದ ಪದ್ಧತಿ ಇಲ್ಲಿಯೂ ಕೈಬಿಡತಕ್ಕದ್ದಲ್ಲ.

ಕಣ್ಣಿಗೆ ಕಾಣುವ ಒಂದು ಗುರುತೂ ಇದೆ. ಯಾರೂ ಬದಲಿಸದಿದ್ದರೆ ಸಂಖ್ಯೆಗಳು ಕೋಶದ ಬಲಕ್ಕೂ, ಪಠ್ಯವು ಎಡಕ್ಕೂ ಅಂಟಿಕೊಂಡಿರುತ್ತದೆ. ಮೊತ್ತದ ಕಲಂನಲ್ಲಿ ಕೆಲವು ಅಂಕಿಗಳು ಎಡಕ್ಕೆ ಸರಿದು ನಿಂತಿದ್ದರೆ ಸಂಶಯಪಡುವುದು ಯುಕ್ತ. ಲಿಬ್ರೆ ಆಫೀಸ್ ಕ್ಯಾಲ್ಕ್‌ನಲ್ಲಿ ಕಂಟ್ರೋಲ್ ಮತ್ತು ಎಫ್8 ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಸಂಖ್ಯೆಗಳು ನೀಲಿ, ಸೂತ್ರಗಳು ಹಸಿರು, ಪಠ್ಯ ಕಪ್ಪು ಬಣ್ಣದಲ್ಲಿ ಕಾಣುತ್ತವೆ. ಬಾಕಿಯ ಕಲಂ ಪೂರ್ತಿ ಹಸಿರಾಗಿರಬೇಕು. ನಡುವೆ ನೀಲಿ ಅಂಕಿಯೊಂದು ಕಂಡರೆ, ಅಲ್ಲಿ ಯಾರೋ ಸೂತ್ರದ ಮೇಲೆ ಕೈಯಾರೆ ಅಂಕಿ ಟೈಪ್ ಮಾಡಿ ಬೇಡಿಕೆ ಮತ್ತು ವಸೂಲಿಯೊಂದಿಗಿನ ಸಂಬಂಧವನ್ನು ಕಡಿದಿದ್ದಾರೆ ಎಂದರ್ಥ. ಮುಂದೆ ಆ ಮನೆಯವರು ಎಷ್ಟು ಪಾವತಿಸಿದರೂ ಬಾಕಿ ಬದಲಾಗುವುದಿಲ್ಲ.

ಟಿಕ್ ಪೆಟ್ಟಿಗೆ ಮತ್ತು ಆಯ್ಕೆ ಪಟ್ಟಿಗಳ ಜೋಡಣೆ

ಕೋಷ್ಟಕವನ್ನು ಬಳಸಲು ಸುಲಭವಾಗಲೆಂದು ಡಾಟಾ ಎಂಟ್ರಿ ಆಪರೇಟರುಗಳು ಕೋಶಗಳಲ್ಲಿ ಟಿಕ್ ಪೆಟ್ಟಿಗೆ, ಆಯ್ಕೆ ಪಟ್ಟಿ ಮುಂತಾದವನ್ನು ಅಳವಡಿಸುವುದುಂಟು. ಶೌಚಾಲಯ ಇದೆಯೇ, ನಲ್ಲಿ ಸಂಪರ್ಕ ಇದೆಯೇ, ನೋಟೀಸು ಜಾರಿಯಾಗಿದೆಯೇ ಎಂಬಂತಹ ಕಲಂಗಳಿಗೆ ಇವು ಒಪ್ಪುತ್ತವೆ. ಆದರೆ ಎಕ್ಸೆಲ್‌ನಲ್ಲಿ ಬಹುಕಾಲದಿಂದ ಇರುವ ಟಿಕ್ ಪೆಟ್ಟಿಗೆಯು ಕೋಶದೊಳಗಿನ ವಸ್ತುವಲ್ಲ. ಹಾಳೆಯ ಮೇಲೆ ಹೊದಿಸಿದ ಗಾಜಿಗೆ ಅಂಟಿಸಿದ ಚೀಟಿಯಂತೆ ಅದು ಮೇಲೆಯೇ ತೇಲುತ್ತಿರುತ್ತದೆ. ಯಾವ ಕೋಶಕ್ಕೆ ಅದು ತನ್ನ ಉತ್ತರವನ್ನು ಬರೆಯಬೇಕೆಂಬುದನ್ನು ಪ್ರತಿಯೊಂದು ಪೆಟ್ಟಿಗೆಗೂ ಪ್ರತ್ಯೇಕವಾಗಿ ಹೇಳಬೇಕು. ಹೇಳದಿದ್ದರೆ ಟಿಕ್ ಕಾಣುತ್ತದೆ, ಎಣಿಕೆಗೆ ಬರುವುದಿಲ್ಲ: ಹಾಳೆಯಲ್ಲಿ ನಲವತ್ತು ಟಿಕ್ ಇದ್ದರೂ ಕೆಳಗಿನ ಲೆಕ್ಕ ಸೊನ್ನೆಯೇ. ಮೊದಲ ಪೆಟ್ಟಿಗೆಗೆ ಮಾತ್ರ ಹೇಳಿ, ಅದನ್ನೇ ಕೆಳಗಿನ ಸಾಲುಗಳಿಗೆಲ್ಲ ನಕಲು ಮಾಡಿದರೆ, ಎಲ್ಲ ಪೆಟ್ಟಿಗೆಗಳೂ ಒಂದೇ ಕೋಶಕ್ಕೆ ಜೋಡಣೆಯಾಗಿರುತ್ತವೆ. ಒಂದಕ್ಕೆ ಟಿಕ್ ಹಾಕಿದರೆ ಎಲ್ಲಕ್ಕೂ ಬೀಳುತ್ತದೆ. ಈ ಎರಡನೆಯ ದೋಷ ಕೂಡಲೇ ಕಣ್ಣಿಗೆ ಬೀಳುವುದರಿಂದ ಒಂದರ್ಥದಲ್ಲಿ ಅದೇ ವಾಸಿ. ಮೈಕ್ರೋಸಾಫ್ಟ್ 365ರ ಇತ್ತೀಚಿನ ಎಕ್ಸೆಲ್‌ನಲ್ಲಿ ಕೋಶದೊಳಗೇ ನೆಲೆಸುವ ಟಿಕ್ ಪೆಟ್ಟಿಗೆ ಬಂದಿದೆ. ಅದರಲ್ಲಿ ಈ ತೊಡಕಿಲ್ಲ. ಹಳೆಯ ಆವೃತ್ತಿಯಿರುವ ಕಚೇರಿಗಳಲ್ಲಿ ಟಿಕ್ ಪೆಟ್ಟಿಗೆಯ ಆಸೆ ಬಿಟ್ಟು, ಕೋಶದಲ್ಲಿ ಹೌದು ಅಥವಾ ಇಲ್ಲ ಎಂದು ನಮೂದಿಸುವುದೇ ಲೇಸು.

ಆಯ್ಕೆ ಪಟ್ಟಿಯಲ್ಲಿ ಅಡಗಿರುವ ಅಪಾಯ ಬೇರೆ ಬಗೆಯದು. ಎಕ್ಸೆಲ್‌ನ ಫಾರಂ ನಿಯಂತ್ರಣಗಳಲ್ಲಿನ ಆಯ್ಕೆ ಪಟ್ಟಿಯು ಜೋಡಿಸಿದ ಕೋಶದಲ್ಲಿ ಆಯ್ದ ಹೆಸರನ್ನು ಬರೆಯುವುದಿಲ್ಲ, ಆ ಹೆಸರು ಪಟ್ಟಿಯಲ್ಲಿ ಎಷ್ಟನೆಯದು ಎಂಬ ಕ್ರಮಸಂಖ್ಯೆಯನ್ನು ಬರೆಯುತ್ತದೆ. ಹೊಸಕೇರಿ, ಹಳೇಊರು, ಜನತಾ ಕಾಲೋನಿ ಎಂಬ ಪಟ್ಟಿಯಿಂದ ಜನತಾ ಕಾಲೋನಿಯನ್ನು ಆಯ್ದರೆ ಕೋಶದಲ್ಲಿ ಕೂರುವುದು 3. ಮುಂದಿನ ವರ್ಷ ಹೊಸ ಬಡಾವಣೆಯೊಂದರ ಹೆಸರನ್ನು ಪಟ್ಟಿಯ ಮೊದಲಿಗೆ ಸೇರಿಸಿದರೆ 3ನೆಯದು ಹಳೇಊರಾಗುತ್ತದೆ. ಒಂದು ನಮೂದನ್ನೂ ಯಾರೂ ಮುಟ್ಟದೆಯೇ ಜನತಾ ಕಾಲೋನಿಯ ಎಲ್ಲ ಮನೆಗಳೂ ಹಳೇಊರಿಗೆ ಸ್ಥಳಾಂತರಗೊಂಡಂತೆ ವರದಿ ಬರುತ್ತದೆ. ಲಿಬ್ರೆ ಆಫೀಸ್ ಕ್ಯಾಲ್ಕ್‌ನಲ್ಲಿ ಆಯ್ದ ಹೆಸರನ್ನೇ ಬರೆಯಬೇಕೋ, ಅದರ ಸ್ಥಾನವನ್ನು ಬರೆಯಬೇಕೋ ಎಂದು ಆರಿಸಿಕೊಳ್ಳುವ ಅವಕಾಶವಿದೆ, ಹೆಸರನ್ನೇ ಆರಿಸತಕ್ಕದ್ದು. ಎರಡೂ ತಂತ್ರಾಂಶಗಳಲ್ಲಿ ಕೋಶಕ್ಕೆ ಮಾನ್ಯತಾ ನಿಯಮ ವಿಧಿಸಿ, ಅದರ ಮೂಲಕ ಆಯ್ಕೆ ಪಟ್ಟಿ ಕೊಡುವ ಇನ್ನೊಂದು ವಿಧಾನವೂ ಇದೆ. ಅದರಲ್ಲಿ ಹೆಸರೇ ಕೋಶಕ್ಕೆ ಸೇರುತ್ತದೆ ಮತ್ತು ಪಟ್ಟಿಯಲ್ಲಿಲ್ಲದ್ದನ್ನು ಟೈಪ್ ಮಾಡಿದರೆ ತಂತ್ರಾಂಶ ತಡೆಯುತ್ತದೆ. ಆದರೆ ಬೇರೆಡೆಯಿಂದ ನಕಲು ಮಾಡಿ ಅಂಟಿಸಿದಾಗ ಈ ತಡೆ ಕೆಲಸ ಮಾಡುವುದಿಲ್ಲ, ನಿಯಮವೇ ಅಳಿಸಿಹೋಗುವುದೂ ಉಂಟು.

ಸಾಲಿನ ಗುರುತು ಯಾವುದು?

ಇಲ್ಲಿಯವರೆಗಿನ ದೋಷಗಳು ಒಂದೊಂದು ಕೋಶಕ್ಕೆ ಸಂಬಂಧಿಸಿದವು. ಇಡೀ ಕೋಷ್ಟಕವನ್ನೇ ಕೆಡಿಸುವ ದೋಷವೊಂದಿದೆ. ಸದಸ್ಯರು ಬೇರೆಲ್ಲವನ್ನು ಮರೆತರೂ ಇದನ್ನು ಮರೆಯದಿರುವುದು ಒಳಿತು.

ಬಾಕಿದಾರರ ಹೆಸರುಗಳನ್ನು ಅಕಾರಾದಿಯಾಗಿ ಜೋಡಿಸಲು ಹೇಳಿದಾಗ ನೌಕರರು ಹೆಸರಿನ ಕಲಂ ಒಂದನ್ನೇ ಆಯ್ದು ಕ್ರಮ ಬದಲಿಸಿದರೆ, ಹೆಸರುಗಳು ಸ್ಥಳ ಬದಲಿಸುತ್ತವೆ, ಮೊತ್ತಗಳು ಇದ್ದಲ್ಲಿಯೇ ಇರುತ್ತವೆ. ಒಬ್ಬರ ಬಾಕಿ ಇನ್ನೊಬ್ಬರ ಹೆಸರಿನ ಮುಂದೆ ನಿಲ್ಲುತ್ತದೆ. ಒಟ್ಟು ಬೇಡಿಕೆ, ಒಟ್ಟು ವಸೂಲಿ, ಒಟ್ಟು ಬಾಕಿ ಯಾವುದರಲ್ಲೂ ಒಂದು ರೂಪಾಯಿ ವ್ಯತ್ಯಾಸ ಬರುವುದಿಲ್ಲ; ಮೇಲೆ ಹೇಳಿದ ಅಡ್ಡತಾಳೆಯೂ ಇದನ್ನು ಹಿಡಿಯಲಾರದು. ಆಯ್ಕೆಯನ್ನು ವಿಸ್ತರಿಸಬೇಕೇ ಎಂದು ಎಕ್ಸೆಲ್ ಒಮ್ಮೆ ಕೇಳುತ್ತದೆ. ಅವಸರದಲ್ಲಿ ಬೇಡವೆಂದು ಒತ್ತಿ, ಕಡತವನ್ನು ಉಳಿಸಿ ಮುಚ್ಚಿಬಿಟ್ಟರೆ ಹಳೆಯ ಪ್ರತಿ ಇದ್ದರಷ್ಟೇ ಪರಿಹಾರ.

ಸಾಲು ಎಂಬುದು ಒಂದು ಸ್ಥಾನವೋ ಅಥವಾ ಒಂದು ಆಸ್ತಿಯೋ ಎಂಬುದು ಇಲ್ಲಿನ ಮೂಲ ಪ್ರಶ್ನೆ. ಕಾಗದದ ವಹಿಯಲ್ಲಿ ಸಾಲು ಕದಲುವುದಿಲ್ಲವಾದ್ದರಿಂದ ಈ ಪ್ರಶ್ನೆ ಏಳುತ್ತಿರಲಿಲ್ಲ. ಗಣಕಯಂತ್ರದಲ್ಲಿ ಸಾಲುಗಳು ಸದಾ ಕದಲುತ್ತವೆ: ಹೆಸರಿನ ಕ್ರಮದಲ್ಲಿ ಒಮ್ಮೆ, ಬಾಕಿಯ ಕ್ರಮದಲ್ಲಿ ಒಮ್ಮೆ, ಒಂದು ವಾರ್ಡನ್ನು ಮಾತ್ರ ತೋರಿಸಿ ಉಳಿದವನ್ನು ಮರೆಮಾಡಿ ಇನ್ನೊಮ್ಮೆ. ಪರದೆಯಲ್ಲಿ ಮೂರನೆಯದಾಗಿ ಕಾಣುವ ಮನೆ ದತ್ತಾಂಶದಲ್ಲಿ ಐವತ್ತೇಳನೆಯದಾಗಿರಬಹುದು. ಕೆಲವು ಪಂಚಾಯಿತಿಗಳು ನೀರಿನ ಕರ ವಸೂಲಿಗಾಗಿ ಸ್ಥಳೀಯವಾಗಿ ತಂತ್ರಾಂಶ ಬರೆಸುವ ಯೋಚನೆ ಮಾಡಿದಾಗ ಈ ಅಂಶ ಮುಖ್ಯವಾಗುತ್ತದೆ. ಜಾವಾ ಭಾಷೆಯಲ್ಲಿ ಕೋಷ್ಟಕಗಳನ್ನು ತೋರಿಸಲು ಬಳಸುವ ಜೆಟೇಬಲ್ ಎಂಬ ಸಾಧನಕ್ಕೆ 2006ರಲ್ಲಿ ಬಂದ ಆರನೆಯ ಆವೃತ್ತಿಯಿಂದ ಸಾಲುಗಳ ಕ್ರಮ ಬದಲಿಸುವ ಸೌಲಭ್ಯ ಸೇರಿತು. ಪರದೆಯ ಸಾಲಿನ ಸಂಖ್ಯೆಯನ್ನು ದತ್ತಾಂಶದ ಸಾಲಿನ ಸಂಖ್ಯೆಗೆ ಪರಿವರ್ತಿಸುವ ಆದೇಶವನ್ನೂ ಜೊತೆಗೆ ಕೊಡಲಾಯಿತು. ತಂತ್ರಾಂಶ ಬರೆಯುವವರು ಆ ಪರಿವರ್ತನೆಯನ್ನು ಮರೆತರೆ, ಕ್ರಮ ಬದಲಿಸದಿರುವವರೆಗೆ ಎಲ್ಲವೂ ಸರಿಯಾಗಿಯೇ ನಡೆಯುತ್ತದೆ. ಕ್ರಮ ಬದಲಿಸಿ ಮೂರನೆಯ ಸಾಲಿನಲ್ಲಿ ವಸೂಲಿ ನಮೂದಿಸಿದ ದಿನ, ಅದು ಮೂಲದಲ್ಲಿ ಮೂರನೆಯದಾಗಿದ್ದ ಬೇರಾರದೋ ಮನೆಗೆ ಜಮೆಯಾಗುತ್ತದೆ.

ಇದನ್ನು ಪರೀಕ್ಷಿಸಲು ತಾಂತ್ರಿಕ ಜ್ಞಾನ ಬೇಡ. ತಂತ್ರಾಂಶವನ್ನು ಸ್ವೀಕರಿಸುವ ಮೊದಲು, ಮಾದರಿ ದತ್ತಾಂಶದ ಮೇಲೆ, ಪಟ್ಟಿಯನ್ನು ಹೆಸರಿನ ಕ್ರಮಕ್ಕೆ ತಂದು, ಒಂದು ಮನೆಯ ಮುಂದೆ ಸುಲಭವಾಗಿ ಗುರುತಿಸಬಹುದಾದ ಒಂದು ಮೊತ್ತವನ್ನು ನಮೂದಿಸಿ, ಮತ್ತೆ ಆಸ್ತಿ ಸಂಖ್ಯೆಯ ಕ್ರಮಕ್ಕೆ ತಂದು, ತಂತ್ರಾಂಶವನ್ನು ಮುಚ್ಚಿ ತೆರೆದು, ಆ ಮೊತ್ತ ಅದೇ ಮನೆಯ ಮುಂದೆ ಇದೆಯೇ ಎಂದು ನೋಡಬೇಕು. ಒಂದು ವಾರ್ಡನ್ನು ಮಾತ್ರ ತೋರಿಸಿದಾಗಲೂ ಇದೇ ಪರೀಕ್ಷೆ ನಡೆಸಬೇಕು. ಐದು ನಿಮಿಷದ ಕೆಲಸ.

ಈ ತೊಂದರೆಗೆ ಶಾಶ್ವತ ಪರಿಹಾರವೆಂದರೆ ಪ್ರತಿ ಸಾಲಿಗೂ ಬದಲಾಗದ, ಪುನರಾವರ್ತನೆಯಾಗದ ಒಂದು ಗುರುತು. ದತ್ತಾಂಶ ಕೋಶದ ಪರಿಭಾಷೆಯಲ್ಲಿ ಅದನ್ನು ಪ್ರಧಾನ ಕೀಲಿ ಎನ್ನುತ್ತಾರೆ. ಲಿಬ್ರೆ ಆಫೀಸ್ ಬೇಸ್ ಈ ವಿಷಯದಲ್ಲಿ ಎಷ್ಟು ಕಟ್ಟುನಿಟ್ಟೆಂದರೆ, ಪ್ರಧಾನ ಕೀಲಿ ಇಲ್ಲದ ಕೋಷ್ಟಕದಲ್ಲಿ ನಮೂದಿಸಲು ಬಿಡುವುದೇ ಇಲ್ಲ. ಓದಲು ಮಾತ್ರ ಅವಕಾಶ. ಎಕ್ಸೆಲ್ ಮತ್ತು ಕ್ಯಾಲ್ಕ್ ಹಾಗೆ ಒತ್ತಾಯಿಸುವುದಿಲ್ಲವಾದ್ದರಿಂದ ಪಂಚಾಯಿತಿಯೇ ಒತ್ತಾಯಿಸಬೇಕು. ಹೆಸರು ಎಂದಿಗೂ ಕೀಲಿಯಾಗಲಾರದು. ಒಂದೇ ಊರಿನಲ್ಲಿ ರಾಮಪ್ಪ ಬಿನ್ ತಿಮ್ಮಪ್ಪ ಎಂಬ ಇಬ್ಬರಿರುವುದು ಅಪರೂಪವೇನಲ್ಲ. ಒಂದು ಹಾಳೆಯಿಂದ ಇನ್ನೊಂದು ಹಾಳೆಗೆ ಮೊತ್ತ ತರಲು ಬಳಸುವ ವಿ-ಲುಕಪ್ ಸೂತ್ರ, ಹೆಸರಿನ ಆಧಾರದಲ್ಲಿ ಹುಡುಕಿದಾಗ ಮೊದಲು ಸಿಕ್ಕ ರಾಮಪ್ಪನ ಮೊತ್ತವನ್ನೇ ಇಬ್ಬರಿಗೂ ಕೊಡುತ್ತದೆ. ಸೂತ್ರದ ಕೊನೆಯಲ್ಲಿ ನಿಖರ ಹೊಂದಾಣಿಕೆ ಬೇಕೆಂದು ಹೇಳದೆ ಬಿಟ್ಟರೆ ಪಟ್ಟಿ ಕ್ರಮಬದ್ಧವಾಗಿದೆಯೆಂದು ಅದು ಊಹಿಸಿಕೊಂಡು, ಹೆಸರೇ ಇಲ್ಲದವರಿಗೂ ಹತ್ತಿರದ ಯಾರದೋ ಮೊತ್ತವನ್ನು ತಂದು ಕೊಡುತ್ತದೆ.

ಹೆಸರನ್ನು ನೆಚ್ಚಬಾರದೆನ್ನಲು ಕನ್ನಡದ್ದೇ ಆದ ಕಾರಣವೂ ಇದೆ. ನುಡಿ, ಬರಹಗಳ ಹಳೆಯ ಫಾಂಟುಗಳಲ್ಲಿ ಟೈಪ್ ಮಾಡಿದ ಹೆಸರು ಪರದೆಯ ಮೇಲೆ ಕನ್ನಡವಾಗಿ ಕಂಡರೂ, ಕಡತದಲ್ಲಿ ಇರುವುದು ರೋಮನ್ ಅಕ್ಷರ ಹಾಗೂ ಚಿಹ್ನೆಗಳ ಸಂಕೇತ; ಫಾಂಟು ಮಾತ್ರ ಅವುಗಳಿಗೆ ಕನ್ನಡದ ವೇಷ ತೊಡಿಸಿರುತ್ತದೆ. ಆ ಫಾಂಟಿಲ್ಲದ ಯಂತ್ರದಲ್ಲಿ ತೆರೆದಾಗ ಅರ್ಥವಿಲ್ಲದ ಚಿಹ್ನೆಗಳು ಕಾಣುವುದನ್ನು ಹಲವರು ನೋಡಿರುತ್ತಾರೆ. ಯುನಿಕೋಡ್‌ನಲ್ಲಿ ಟೈಪ್ ಮಾಡಿದ ಗೋವಿಂದಪ್ಪ ಮತ್ತು ಹಳೆಯ ಫಾಂಟಿನ ಗೋವಿಂದಪ್ಪ ಮುದ್ರಣದಲ್ಲಿ ಒಬ್ಬರೇ, ದತ್ತಾಂಶದಲ್ಲಿ ಇಬ್ಬರು. ಯುನಿಕೋಡ್ ಒಳಗೇ ಸಹ ಓಕಾರದ ಚಿಹ್ನೆಯನ್ನು ಒಂದೇ ಸಂಕೇತವಾಗಿಯೂ, ಬಿಡಿ ಚಿಹ್ನೆಗಳನ್ನು ಕೂಡಿಸಿಯೂ ಬರೆಯಬಹುದಾಗಿದೆ. ಕಣ್ಣಿಗೆ ಎರಡೂ ಒಂದೇ. ಆದಕಾರಣ ಹಳೆಯ ಪಟ್ಟಿಗಳನ್ನು ಯುನಿಕೋಡ್‌ಗೆ ಪರಿವರ್ತಿಸಿಕೊಂಡ ಮೇಲೂ ಸಾಲುಗಳನ್ನು ಹೊಂದಿಸಬೇಕಾದದ್ದು ಆಸ್ತಿ ಸಂಖ್ಯೆಯ ಮೂಲಕವೇ ಹೊರತು ಹೆಸರಿನ ಮೂಲಕವಲ್ಲ.

ಯಾವ ಕೋಶವನ್ನು ತಿದ್ದಲು ಬಿಡಬೇಕು

ಕಾಗದದ ವಹಿಯಲ್ಲಿ ತಪ್ಪಾದರೆ ಅಡ್ಡಗೆರೆ ಎಳೆದು, ಮೇಲೆ ಸರಿಯಾದ ಅಂಕಿ ಬರೆದು, ಚಿಕ್ಕ ಸಹಿ ಹಾಕುವುದು ನಿಯಮ. ಹಳೆಯ ಅಂಕಿಯೂ ತಿದ್ದಿದವರ ಗುರುತೂ ಉಳಿಯುತ್ತವೆ. ಕೋಷ್ಟಕದ ಕೋಶದಲ್ಲಿ ಹಳೆಯದರ ಮೇಲೆ ಹೊಸದನ್ನು ಟೈಪ್ ಮಾಡಿದರೆ ಹಳೆಯದು ಇತ್ತೆಂಬ ಸುಳಿವೂ ಉಳಿಯುವುದಿಲ್ಲ. ವಸೂಲಿಯ ಕಲಂನಲ್ಲಿ 1,500 ಇದ್ದದ್ದು 500 ಆದರೆ, ಯಾರು, ಯಾವಾಗ, ಏಕೆ ಎಂಬುದಕ್ಕೆ ಕಡತದಲ್ಲಿ ಉತ್ತರವಿರದು. ಇದು ಲೆಕ್ಕಪರಿಶೋಧನೆಯ ಆಕ್ಷೇಪಣೆಗಷ್ಟೇ ಅಲ್ಲ, ಪ್ರಾಮಾಣಿಕ ನೌಕರರ ಮೇಲೆ ವೃಥಾ ಅನುಮಾನ ಬೀಳುವುದಕ್ಕೂ ದಾರಿ.

ಆದುದರಿಂದ ಸುಸಜ್ಜಿತ ಕೋಷ್ಟಕದಲ್ಲಿ ವಸೂಲಿಯ ಕೋಶ ಮತ್ತು ಬಾಕಿಯ ಕೋಶ ಎರಡೂ ತಿದ್ದಲಾಗದಂತೆ ಇರಬೇಕು. ರಸೀದಿಗಳಿಗೆ ಬೇರೆಯೇ ಹಾಳೆ: ರಸೀದಿ ಸಂಖ್ಯೆ, ದಿನಾಂಕ, ಆಸ್ತಿ ಸಂಖ್ಯೆ, ಮೊತ್ತ. ಮನೆಯೊಂದರ ವಸೂಲಿ ಎಂಬುದು ಆ ಹಾಳೆಯಲ್ಲಿ ಆ ಆಸ್ತಿ ಸಂಖ್ಯೆಯ ಎದುರಿಗಿರುವ ರಸೀದಿಗಳ ಮೊತ್ತ. ಬಾಕಿ ಎಂಬುದು ಬೇಡಿಕೆಯಲ್ಲಿ ಅದನ್ನು ಕಳೆದು ಉಳಿದದ್ದು. ಉದಾಹರಣೆಗೆ ಹಿಂದಿನ ಬಾಕಿ 1,200, ಚಾಲ್ತಿ ಬೇಡಿಕೆ 800, ಒಟ್ಟು 2,000 ರೂಪಾಯಿ ಇರುವ ಮನೆಯವರು ಆಗಸ್ಟಿನಲ್ಲಿ 1,000, ಡಿಸೆಂಬರಿನಲ್ಲಿ 500 ಪಾವತಿಸಿದರೆ ರಸೀದಿ ಹಾಳೆಗೆ ಎರಡು ಸಾಲು ಸೇರುತ್ತವೆ, ಬಾಕಿಯ ಕೋಶ ತಾನಾಗಿಯೇ 500 ತೋರಿಸುತ್ತದೆ. ರಸೀದಿಯಲ್ಲಿ ತಪ್ಪಾಗಿದ್ದರೆ ಅದನ್ನು ಅಳಿಸದೆ, ಕಾರಣ ಬರೆದು, ರದ್ದತಿಯ ಇನ್ನೊಂದು ಸಾಲು ಸೇರಿಸಬೇಕು. ನಮೂದಿಸಬಹುದಾದ ಕೋಶಗಳನ್ನು ಬಿಟ್ಟು ಉಳಿದೆಲ್ಲವನ್ನು ಹಾಳೆ ಸಂರಕ್ಷಣೆಯ ಸೌಲಭ್ಯದಿಂದ ಬೀಗ ಹಾಕಬಹುದು. ಈ ಬೀಗ ಕಳ್ಳನನ್ನು ತಡೆಯುವಷ್ಟು ಗಟ್ಟಿಯದಲ್ಲ, ಅವಸರದ ಕೈಯನ್ನು ತಡೆಯಲು ಸಾಕು.

ಕಡತಗಳ ನಡುವಿನ ಜೋಡಣೆಯ ಬಗ್ಗೆ ಒಂದೆರಡು ಮಾತು. ಒಂದು ಕಡತವು ಇನ್ನೊಂದರಿಂದ ಅಂಕಿ ಓದುವಂತೆ ಮಾಡಿದ್ದಾಗ, ಮೂಲ ಕಡತವನ್ನು ಪೆನ್‌ಡ್ರೈವಿಗೆ ಸ್ಥಳಾಂತರಿಸಿದರೆ ಸಂಪರ್ಕ ಕಡಿದುಹೋಗುತ್ತದೆ, ಆದರೆ ಕೊನೆಯ ಬಾರಿ ಓದಿದ ಹಳೆಯ ಅಂಕಿಗಳು ಹಾಗೆಯೇ ಕಾಣುತ್ತಿರುತ್ತವೆ. ಒಂದು ರೂಪದಿಂದ ಇನ್ನೊಂದು ರೂಪಕ್ಕೆ ವರ್ಗಾಯಿಸುವಾಗ ಸಾಲುಗಳೇ ಬಿಟ್ಟುಹೋಗಬಹುದು. 2020ರ ಅಕ್ಟೋಬರ್ ಆರಂಭದಲ್ಲಿ ಇಂಗ್ಲೆಂಡಿನ ಸಾರ್ವಜನಿಕ ಆರೋಗ್ಯ ಸಂಸ್ಥೆಯ ಕೋವಿಡ್ ಅಂಕಿಅಂಶಗಳಿಂದ 15,841 ಪ್ರಕರಣಗಳು ಬಿಟ್ಟುಹೋಗಿದ್ದುದು ಬೆಳಕಿಗೆ ಬಂದಿತು. 65,536 ಸಾಲುಗಳಿಗಿಂತ ಹೆಚ್ಚು ಹಿಡಿಯದ ಎಕ್ಸೆಲ್‌ನ ಹಳೆಯ ಕಡತರೂಪವನ್ನು ಬಳಸಿದ್ದು ಅದಕ್ಕೆ ಕಾರಣವಾಗಿತ್ತು. ಗ್ರಾಮ ಪಂಚಾಯಿತಿಯ ಪಟ್ಟಿ ಅಷ್ಟು ದೊಡ್ಡದಿರದಿದ್ದರೂ, ವರ್ಗಾವಣೆಗೆ ಮುನ್ನ ಮತ್ತು ನಂತರ ಸಾಲುಗಳ ಸಂಖ್ಯೆಯನ್ನು ಎಣಿಸಿ ಬರೆದಿಡುವ ಅಭ್ಯಾಸ ಎಲ್ಲ ಕಚೇರಿಗಳಿಗೂ ಸಲ್ಲುತ್ತದೆ.

ಸಭೆಯ ಮುಂದೆ ಬರುವ ಮುದ್ರಿತ ಪಟ್ಟಿಯಲ್ಲಿ ಪ್ರತಿ ಹೆಸರಿನ ಹಿಂದೆ ಆಸ್ತಿ ಸಂಖ್ಯೆ, ಪುಟದ ಕೆಳಗೆ ಮುದ್ರಿಸಿದ ದಿನಾಂಕ ಮತ್ತು ವೇಳೆ ಇರುವಂತೆ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯವರನ್ನು ಕೋರುವುದು ಸದಸ್ಯರ ಹಕ್ಕಿನೊಳಗಿನ ಮಾತು. ನೋಟೀಸು ಹೊರಡುವ ಮೊದಲು ಪ್ರತಿ ವಾರ್ಡಿನಿಂದ ಹತ್ತು ಮನೆಗಳನ್ನು, ಪಟ್ಟಿಯ ಮೊದಲಿನಿಂದಷ್ಟೇ ಅಲ್ಲದೆ ನಡುವಿನಿಂದಲೂ ಕೊನೆಯಿಂದಲೂ ಆಯ್ದು, ರಸೀದಿ ಪುಸ್ತಕದ ಕೌಂಟರ್‌ಫಾಯಿಲ್‌ಗಳೊಂದಿಗೆ ಹೋಲಿಸಬೇಕು. ಕಲಂ ಒಂದೇ ಸರಿದುಹೋದ ಪಟ್ಟಿಯಲ್ಲಿ ಹತ್ತರಲ್ಲಿ ಒಂಬತ್ತು ತಾಳೆಯಾಗುವುದಿಲ್ಲ. ಸರಿಯಾದ ಪಟ್ಟಿಯಲ್ಲಿ ಹತ್ತೂ ತಾಳೆಯಾಗುತ್ತವೆ. ಒಂದೆರಡು ಮಾತ್ರ ತಪ್ಪಿದ್ದರೆ ದಿನಾಂಕದ ಕಲಂ ಮತ್ತು ಎಡಕ್ಕೆ ಸರಿದ ಅಂಕಿಗಳನ್ನು ಮೊದಲು ನೋಡತಕ್ಕದ್ದು. ಹೋಲಿಸಿದ ಹತ್ತು ಆಸ್ತಿ ಸಂಖ್ಯೆಗಳನ್ನು ಸಭಾ ನಡವಳಿಯಲ್ಲಿ ಬರೆಸಿದರೆ, ಮುಂದಿನ ಬಾರಿ ಬೇರೆ ಹತ್ತನ್ನು ಆಯ್ದುಕೊಳ್ಳಲು ಅನುಕೂಲವಾಗುತ್ತದೆ.